ಎಲ್ಲಕ್ಕಿಂತ ಮೇಲಿನ ಚುಕ್ಕೆ

ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಪಿಳ್ಳಮ್ಮ ಕೈ ಅಡ್ಡ ಹಿಡಿದಳು. ಮನೆಗೆಲಸಕ್ಕೆ ಬರುವ ಅವಳು ಹೇಳಲೋ ಬೇಡವೋ ಎಂದು ಸೆರಗಿನ ತುದಿ ತಿರುವುತ್ತ ಒಂದು ಗಳಿಗೆ ನಿಂತು, ಆಮೇಲೆ ಹೇಳಿಯೇಬಿಟ್ಟಳು. “ಅಜ್ಜಿ ಮೊನ್ನೆಯಿಂದ ಏನೂ ತಿಂತಿಲ್ಲ ಕಣಕ್ಕ. ನೀವ್ ಇಟ್ಟೋಗಿದ್ದೆಲ್ಲ ನನ್ ಡಬ್ಬಿಗೆ ಆಕ್ಬುಡ್ತಾರೆ. ಯೋಳ್ಬ್ಯಾಡ ಅಂದವ್ರೆ, ನಾನ್ ಯೋಳ್ದೆ ಅನ್ಬೇಡಿ.” ಹೇಮಲತಾ ಹೂಂ ಎಂದಳು. ಹೂಂ ಎಂದ ಮೇಲೆ ವಾಪಸು ಮನೆಯೊಳಗೆ ಹೋಗಬೇಕಿತ್ತು, ಅಷ್ಟು ಅವಳಿಗೂ ಗೊತ್ತಿತ್ತು. ಆದರೆ ಕೆಳಗೆ ಕ್ಯಾಬ್ ಡ್ರೈವರ್ ಆಗಲೇ ಫೋನು ಮಾಡಿ ಗೊಣಗಿದ್ದ, ಸಂಸ್ಥೆಯಲ್ಲಿ ಈವತ್ತು ಅವಳದೇ ಸಮಾರಂಭ, ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆಯ ನೆರಿಗೆ ಇನ್ನೂ ಮುರಿದಿರಲಿಲ್ಲ. ಬಾಗಿಲು ತಾನೇ ಮುಚ್ಚಿಕೊಂಡಿತು. ಮನುಷ್ಯರು ಹೇಡಿಗಳಾಗುವುದಕ್ಕೆ ದೊಡ್ಡ ಕಾರಣವೇ ಬೇಕೆಂದೇನಿಲ್ಲ, ಲಿಫ್ಟಿನ ಬಾಗಿಲೂ ಸಾಕಾಗುತ್ತದೆ ಎಂದುಕೊಂಡು ಅವಳು ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡಳು.

ಚಂದಾಪುರದ ಸರ್ಕಲ್ಲಿನಲ್ಲಿ ಕಾರು ನಿಂತಿತು ಎಂದರೆ ನಿಂತೇಬಿಟ್ಟಿತು. ಅತ್ತಿಬೆಲೆ ಕಡೆಯಿಂದ ಬಂದ ಲಾರಿಗಳು, ಕಾರ್ಖಾನೆಯ ಬಸ್ಸುಗಳು, ಅವುಗಳ ಸಂದಿಯಲ್ಲಿ ನುಸುಳುವ ಬೈಕುಗಳು. ಎಲ್ಲಿಂದಲೋ ಆ ವಾಸನೆ ಬಂತು. ಕೈಗಾರಿಕಾ ಪ್ರದೇಶದ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಬರುವ, ಕೊಳೆತ ಹಣ್ಣಿಗೆ ಉಗುರಿನ ಬಣ್ಣ ಬೆರೆಸಿದಂಥ ವಾಸನೆ. ಡ್ರೈವರ್ ಬೈದುಕೊಳ್ಳುತ್ತ ಗಾಜು ಏರಿಸಿದ. ಅಪಾರ್ಟ್‌ಮೆಂಟಿನಲ್ಲಿಯೂ ಅಷ್ಟೆ, ಮಧ್ಯಾಹ್ನ ಇದು ಬಂದರೆ ಸಾಲು ಸಾಲಾಗಿ ಕಿಟಕಿಗಳು ಮುಚ್ಚುವ ಸದ್ದು ಕೇಳುತ್ತದೆ. ಅತ್ತೆ ಬಸಮ್ಮ ಮಾತ್ರ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಕೆರೆಗೆ ಹೋಗುವ ಕಾಲುವೆಯ ನೊರೆ ನೋಡುತ್ತ ಆರಾಮವಾಗಿ ಕುಳಿತಿರುತ್ತಾರೆ. ಒಳಗೆ ಬನ್ನಿ, ತಲೆನೋವು ಬಂದೀತು ಎಂದರೆ, ನಮಗೇನವ್ವ, ರೂಢಿ ಆಗೇದ ಎನ್ನುತ್ತಾರೆ. ಬೈಲಹೊಂಗಲದಿಂದ ಬಂದವರಿಗೆ ಅದು ಯಾವ ರೂಢಿ, ಎಷ್ಟು ಬೇಗ ಆಯಿತು ಎಂದು ಹೇಮಲತಾ ಒಮ್ಮೆಯೂ ಕೇಳಲಿಲ್ಲ. ವಾಸನೆಯ ಬಗ್ಗೆ ಸಂಶೋಧನೆ ಮಾಡುವವಳು, ಹೊಟ್ಟೆಪಾಡೇ ಅದು, ಕೇಳಲಿಲ್ಲ. ಹೋದ ವರ್ಷ ಗುರೆಳ್ಳು ಹುರಿಯುತ್ತ ಬಾಣಲೆ ತುಂಬ ಹೊಗೆ ಎದ್ದರೂ ಸೌಟಾಡಿಸುತ್ತಲೇ ನಿಂತಿದ್ದ ಅತ್ತೆಯನ್ನು ಕಂಡು, ಯಾವ ಸೀರಿಯಲ್ಲಿನ ಚಿಂತೆ ಅವ್ವಾರ ಎಂದು ನಕ್ಕಿದ್ದಳು. ಬಸಮ್ಮನೂ ನಕ್ಕರು. ಆ ನಗು ಸ್ವಲ್ಪ ತಡವಾಗಿ ಬಂದಿತ್ತು ಎಂಬುದು ಈಗ, ಗಾಜೇರಿಸಿದ ಕಾರಿನಲ್ಲಿ, ಸ್ಪಷ್ಟವಾಗಿ ಕಾಣುತ್ತಿದೆ.

ಏಕೆ ಊಟ ಬಿಟ್ಟಿದ್ದಾರೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮೊನ್ನೆ ಬೆಳಿಗ್ಗೆ ಹೇಮಲತಾ ಹಜಾರದಲ್ಲಿ ನಿಂತು ಜಡೆ ಹೆಣೆದುಕೊಳ್ಳುತ್ತಿದ್ದಾಗ ಅತ್ತೆಯ ಕೋಣೆಯೊಳಗಿನಿಂದ ಒಂದು ಸದ್ದು ಬಂತು. ಟೈಲ್ಸಿನ ಮೇಲೆ ಏನೋ ಬಿದ್ದು, ಗೋಲಿಯ ಹಾಗೆ ಉರುಳಿ, ಮಂಚದ ಕಾಲಿಗೆ ತಾಗಿ ನಿಂತ ಸದ್ದು. ಅದು ಪೂಜೆಯ ಹೊತ್ತು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬಸಮ್ಮ ಎವೆಯಿಕ್ಕದೆ ನೋಡುತ್ತ ಕೂರುವ ಹೊತ್ತು. ಬಿದ್ದದ್ದು ಏನೆಂದು ಅವಳಿಗೆ ತಕ್ಷಣ ತಿಳಿಯಿತು. ಕೈಯಲ್ಲಿದ್ದ ಜಡೆಯ ಎಳೆ ಕೈಯಲ್ಲೇ ಉಳಿಯಿತು. ಒಳಗೆ ಅಳು ಇಲ್ಲ, ಅಯ್ಯೋ ಎಂಬ ಮಾತಿಲ್ಲ, ಏನೂ ಇಲ್ಲ. ಅವಳು ಸದ್ದಾಗದಂತೆ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟುಬಂದಳು. ಮದುವೆಯಾಗಿ ಬಂದ ಹೊಸದರಲ್ಲಿ ಬಸಮ್ಮ ಹೇಳಿದ್ದರು, ತಮ್ಮ ಅಜ್ಜಿಯ ಲಿಂಗ ಹೊಳೆಯಲ್ಲಿ ಜಾರಿದಾಗ, ಅದು ಸಿಗುವವರೆಗೆ ಆಕೆ ದಂಡೆ ಬಿಟ್ಟು ಏಳಲಿಲ್ಲ, ಒಂದು ತುತ್ತು ಬಾಯಿಗಿಡಲಿಲ್ಲ ಎಂದು. ಮೈಮೇಲಿನ ಲಿಂಗ ಬಿಟ್ಟರೆ ಜೀವ ಬಿಟ್ಟಂತೆ ಎಂದು ನಂಬಿದ ಜನ. ಪೂಜೆಯಿಲ್ಲದೆ ಅವರು ನೀರಿನ ಹೊರತು ಏನೂ ಮುಟ್ಟುವುದಿಲ್ಲ. ಹೇಮಲತಾಳೂ ಅಂಥದೇ ಮನೆತನದವಳೇ, ಆದರೆ ಅವಳ ಲಿಂಗ ತವರಿನ ಬೆಳ್ಳಿ ಕರಡಿಗೆಯೊಳಗೆ ಲಾಕರಿನಲ್ಲಿ ಇದೆ.

ನಿನ್ನೆ ರಾತ್ರಿ ಗಂಡ ಮಲ್ಲಿಕ್‌ಗೆ ಹೇಳಬೇಕೆಂದುಕೊಂಡಿದ್ದಳು. ಅವನು ಅತ್ತಿಬೆಲೆಯ ಕಾರ್ಖಾನೆಯಿಂದ ಬಂದು, ಅವ್ವ ಯಾಕೋ ಬಡವಾದಂಗ ಕಾಣ್ತಾಳಲ್ಲ ಎಂದ. ವಯಸ್ಸಲ್ಲವೇ ಎಂದಳು. ಬಸಮ್ಮ ನೀರಿನ ಲೋಟ ಹಿಡಿದು ಕೋಣೆಗೆ ಹೋಗುತ್ತಿದ್ದರು, ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು. ಆ ಕೈ ಒಂದೆರಡು ತಿಂಗಳಿನಿಂದ ಸೆರಗಿನೊಳಗೇ ಇರುತ್ತದೆ. ಕೆಲಸ ಮಾಡುವಾಗ ನೆಟ್ಟಗಿರುತ್ತದೆ, ಕೆಲಸವಿಲ್ಲದೆ ಸುಮ್ಮನಿದ್ದಾಗ ಮಾತ್ರ ಹೆಬ್ಬೆರಳು ತೋರುಬೆರಳನ್ನು ಹುಡುಕುತ್ತದೆ, ವಿಭೂತಿ ಉಜ್ಜಿ ಪುಡಿ ಮಾಡುವವರ ಹಾಗೆ. ಈ ನಡುಕದ ಕಾಯಿಲೆಗೊಂದು ಹೆಸರಿದೆ. ಆ ಹೆಸರನ್ನು ಹೇಮಲತಾ ದಿನಕ್ಕೆ ಎಷ್ಟು ಸಲ ಬರೆಯುತ್ತಾಳೋ, ಮನೆಯಲ್ಲಿ ಮಾತ್ರ ಮನಸ್ಸಿನೊಳಗೂ ಉಚ್ಚರಿಸಿರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಆಚೆ, ನೀಲಗಿರಿ ಮರ ಕಡಿದು ಕಟ್ಟಿದ ಸಂಸ್ಥೆಯ ಸಭಾಂಗಣದಲ್ಲಿ ಆಗಲೇ ಕಾಫಿ ಬಿಸ್ಕತ್ತು ನಡೆದಿತ್ತು. ಈ ವರ್ಷ ಏನೇನು ಕಂಡುಹಿಡಿದರು ಎಂದು ಗೋಡೆಯ ತುಂಬ ಹಾಳೆ ಅಂಟಿಸಿದ್ದರು. ಕೆರೆಯ ನೊರೆಯೊಳಗಿನ ರಸಾಯನ ಬಿಡಿಸಿದವರದ್ದು ಒಂದು, ಪ್ಲಾಸ್ಟಿಕ್ ಕರಗಿಸುವ ಬ್ಯಾಕ್ಟೀರಿಯಾ ಸಾಕುತ್ತಿರುವವರದ್ದು ಒಂದು, ನೆಲಜೇಡಗಳ ಬಗ್ಗೆ ಒಂದು. ನಡುವೆ ದೊಡ್ಡದಾಗಿ ಹೇಮಲತಾಳದು, ಈ ವಾರವಷ್ಟೇ ಹೊರದೇಶದ ಪತ್ರಿಕೆಯಲ್ಲಿ ಪ್ರಕಟವಾದದ್ದು. ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಆ ಕಾಯಿಲೆ ಬಂದು ಮೂಗಿನ ಹೊಸ್ತಿಲಲ್ಲಿ ಕೂತಿರುತ್ತದೆ, ಮೊದಲು ವಾಸನೆ ಹೋಗುತ್ತದೆ, ಹೋದದ್ದು ಹೋದವರಿಗೇ ತಿಳಿಯುವುದಿಲ್ಲ ಎಂಬುದು ಲೋಕಕ್ಕೆ ಗೊತ್ತಿದ್ದ ಸಂಗತಿ. ಅದನ್ನು ಪತ್ತೆಹಚ್ಚಲು ಪರದೇಶದಿಂದ ತರಿಸಿದ ಪರೀಕ್ಷೆ ನಮ್ಮ ಮುದುಕರ ಹತ್ತಿರ ನಡೆಯುವುದಿಲ್ಲ, ಕಾಣದ ಹಣ್ಣಿನ, ಕೇಳದ ಮರದ ವಾಸನೆ ಮೂಸಿಸಿದರೆ ಅವರೇನು ಹೇಳಿಯಾರು, ನಮ್ಮ ವಾಸನೆಗಳೇ ಬೇಕು ಎಂದದ್ದು ಹೇಮಲತಾ. ಯಾವ ವಾಸನೆಗಳು ಎಂದು ಆರಿಸಿದ್ದು ಬಸಮ್ಮ. ಗುರೆಳ್ಳು, ಇಂಗು, ಚಿಮಣಿ ಎಣ್ಣೆ, ಮೆಂತ್ಯ, ಹಳೆ ತುಪ್ಪ, ಮಲ್ಲಿಗೆ, ಮರುಗ. ಆ ದಿನಗಳಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಅತ್ತೆ ಸೊಸೆ ಇಬ್ಬರೂ ಕೂತು, ಒಳಗೇನಿದೆ ಎಂದು ಕಾಣದ ಕಂದು ಸೀಸೆಗಳಿಗೆ ಒಂದೊಂದನ್ನೇ ತುಂಬಿ ಬಾಯಿಗೆ ಹತ್ತಿ ತುರುಕುತ್ತಿದ್ದರು. ಇಂಗಿನ ಪುಡಿ ಬೇಡ, ಗಟ್ಟಿ ಇಂಗಿನ ಚೂರೇ ಇರಲಿ ಎಂದವರೂ ಬಸಮ್ಮನೇ. ಅಷ್ಟು ಸಂತೋಷದ ದಿನಗಳು ಆ ಮನೆಯಲ್ಲಿ ಮತ್ತೆ ಬಂದಿಲ್ಲ.

ಮುಖ್ಯಸ್ಥ ರಾಜೇಂದ್ರ ಇದೇ ಸೀಮೆಯವರು. ಸಂಸ್ಥೆ ನಿಂತಿರುವ ನೆಲದಲ್ಲೇ ಅವರ ತಾತ ರಾಗಿ ಬೆಳೆದಿದ್ದರಂತೆ, ಆ ಮಾತನ್ನು ಪ್ರತಿ ಭಾಷಣದಲ್ಲೂ ತರುತ್ತಾರೆ. ಈವತ್ತೂ ತಂದು, ಆಮೇಲೆ ಪರದೆಯ ಮೇಲೆ ಆ ಚಿತ್ರ ತೋರಿಸಿದರು. ಎಡಕ್ಕೆ ರೋಗಿಗಳ ಚುಕ್ಕೆಗಳು, ಕೆಳಗೆ ಒತ್ತಾಗಿ. ಬಲಕ್ಕೆ ಆರೋಗ್ಯವಂತ ವೃದ್ಧರ ಚುಕ್ಕೆಗಳು. ಅವುಗಳಲ್ಲಿ ಎಲ್ಲಕ್ಕಿಂತ ಮೇಲೆ, ಒಂಟಿಯಾಗಿ ಒಂದು ಚುಕ್ಕೆ. ಹೊಸದಾಗಿ ಸೇರಿದ್ದ ನಿವೇದಿತಾ ಕೈ ಎತ್ತಿ, ಒಂದೂ ತಪ್ಪಿಲ್ಲದೆ ಹೇಳಿದ ಆ ಮಹಾ ಮೂಗಿನವರು ಯಾರು ಮೇಡಂ ಎಂದು ಕೇಳಿದಳು. ಎಲ್ಲರೂ ನಕ್ಕರು. ಹೆಸರು ಹೇಳುವ ಹಾಗಿಲ್ಲ ಎಂದು ಹೇಮಲತಾಳೂ ನಗುತ್ತ ಉತ್ತರಿಸಿದಳು. ನಿಯಮ ಎಷ್ಟು ಸುಲಭವಾಗಿ ಬಾಯಿಗೆ ಬಂತು ಎಂದು ಅವಳಿಗೇ ಹೇಸಿಗೆಯಾಯಿತು. ಪರೀಕ್ಷೆ ನಡೆದ ದಿನ ಇನ್ನೊಂದು ನಿಯಮವೂ ಇತ್ತು. ಸೀಸೆ ತುಂಬಿಸಿದವರು ಪರೀಕ್ಷೆಗೆ ಕೂರುವಂತಿಲ್ಲ.

ಅಂದು ಬರಬೇಕಾಗಿದ್ದ ಹೆಬ್ಬಗೋಡಿಯ ಯಜಮಾನರೊಬ್ಬರು ಜ್ವರವೆಂದು ಬರಲಿಲ್ಲ. ಆರೋಗ್ಯವಂತರ ಗುಂಪಿನಲ್ಲಿ ಒಬ್ಬರು ಕಡಿಮೆ ಬಿದ್ದರು. ನಿಮ್ಮತ್ತೆಯವರು ಇದ್ದಾರಲ್ಲ, ಗಟ್ಟಿಮುಟ್ಟಾಗಿದ್ದಾರೆ, ಕರ್ಕೊಂಡು ಬನ್ನಿ ಎಂದರು ರಾಜೇಂದ್ರ. ಸೀಸೆ ತುಂಬಿಸಿದ್ದು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಹೇಮಲತಾ ಹೇಳಲೂ ಇಲ್ಲ. ಬಸಮ್ಮ ಮದುವೆಮನೆಯ ಮುಂದಿನ ಸಾಲಿನಲ್ಲಿ ಕೂತವರ ಹಾಗೆ, ರೇಷ್ಮೆಯುಟ್ಟು ಹಣೆ ತುಂಬ ವಿಭೂತಿ ಧರಿಸಿ ಕುರ್ಚಿಯ ಮೇಲೆ ಕೂತಿದ್ದರು. ಬರುಬರುತ್ತಲೇ ಹೇಮಲತಾ ಅವರನ್ನು ಎಲ್ಲರಿಗೂ ತೋರಿಸಿ, ನಮ್ಮ ಇಡೀ ಅಡುಗೆಮನೆ ನಿಂತಿರುವುದೇ ಇವರ ಮೂಗಿನ ಮೇಲೆ ಎಂದು ಜಂಬ ಕೊಚ್ಚಿದ್ದಳು. ಮೊದಲ ಸೀಸೆ ಕೈಗೆ ಬಂತು. ಅದು ಮೂಗಿಗೆ ಹೋಗುವ ದಾರಿಯಲ್ಲಿ ಕಿವಿಯ ಪಕ್ಕ ಹಾದು ಹೋಯಿತು, ಹಾಗೆ ಹಾಯುವಾಗ ಕೈ ಸಣ್ಣಗೆ ಒಮ್ಮೆ ಅಲುಗಿತು. ಒಳಗೆ ಕಾಳು ಸರಸರ ಎಂದಿತು. ಗುರೆಳ್ಳು ಎಂದರು ಬಸಮ್ಮ. ಎಣ್ಣೆ ಕುಲುಕಿತು, ಚಿಮಣಿ ಎಣ್ಣಿ. ಚೂರು ಟಕ್ಕೆಂದು ತಾಗಿತು, ಇಂಗು. ಹೇಮಲತಾ ಎದುರಿಗೇ ಕುಳಿತು ನೋಡುತ್ತಿದ್ದಳು. ನೋಡಿದ್ದು ಮಿದುಳಿಗೆ ಹೋಗದೆ ಕಣ್ಣಲ್ಲೇ ಉಳಿದುಬಿಡುವುದು ಸಾಧ್ಯವೇ ಎಂದು ಯಾವ ವಿಜ್ಞಾನಿಯನ್ನು ಕೇಳಬೇಕು? ವಯಸ್ಸಾದವರ ಅಭ್ಯಾಸ, ಔಷಧಿ ಬಾಟಲಿಯನ್ನೂ ಅಲ್ಲಾಡಿಸಿಯೇ ಕುಡಿಯುತ್ತಾರೆ ಎಂದು ಅವಳು ಆಗ ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿಕೊಳ್ಳಬೇಕಾಗಿ ಬಂತು ಎಂದರೆ ಕಂಡಿತ್ತು ಎಂದೇ ಅರ್ಥ.

ಅದಕ್ಕಿಂತ ದೊಡ್ಡ ತಪ್ಪು ಮಲ್ಲಿಗೆಯ ಸೀಸೆಯದು. ಅದರಲ್ಲಿ ಬರೀ ಹತ್ತಿಗೆ ಅದ್ದಿದ ಅತ್ತರು, ಅಲ್ಲಾಡಿಸಿದರೆ ಸದ್ದಿಲ್ಲ. ಬಸಮ್ಮ ಮೂಸಿದರು, ಮತ್ತೆ ಮೂಸಿದರು, ಕಣ್ಣು ಮುಚ್ಚಿದರು. ಆಮೇಲೆ ಕಣ್ಣು ತೆರೆದು ಸೊಸೆಯ ಮುಖವನ್ನೇ ನೋಡತೊಡಗಿದರು. ಪರೀಕ್ಷೆಯ ಪದ್ಧತಿಯಂತೆ ಹೇಮಲತಾ ನಾಲ್ಕು ಹೆಸರು ಓದಬೇಕು, ಮೂಸಿದವರು ಒಂದನ್ನು ಆರಿಸಬೇಕು. ಮರುಗ, ಬೇವು, ಮಲ್ಲಿಗೆ, ನಿಂಬೆ. ಮಲ್ಲಿಗೆ ಎಂದಾದ ಮೇಲೆ ತನ್ನ ಧ್ವನಿ ಒಂದು ಕೂದಲೆಳೆಯಷ್ಟು ನಿಂತಿತೇ? ನಿಂತಿತ್ತು ಎಂದು ಎಷ್ಟೋ ರಾತ್ರಿ ಅನ್ನಿಸಿದೆ. ಇಲ್ಲ, ಉಸಿರು ತೆಗೆದುಕೊಂಡೆ ಅಷ್ಟೆ ಎಂದು ಅಷ್ಟೇ ರಾತ್ರಿ ಅನ್ನಿಸಿದೆ. ಮಲ್ಲಿಗಿ ಎಂದು ಬಸಮ್ಮ ಹೇಳಿದಾಗ ಪಕ್ಕದಲ್ಲಿ ನಿಂತಿದ್ದ ರಾಜೇಂದ್ರ ಚಪ್ಪಾಳೆ ತಟ್ಟಿದರು. ಮನೆಗೆ ಹೋಗುವ ದಾರಿಯಲ್ಲಿ ಕಾರಿನೊಳಗೆ ಬಸಮ್ಮ, ಎಲ್ಲಾ ಸರಿ ಬಂದ್ವೇನವ್ವಾ ಎಂದು ಕೇಳಿದ್ದರು. ಎಲ್ಲಾ ಸರಿ ಬಂದವು ಅವ್ವಾರ ಎಂದಿದ್ದಳು. ಅವರು ಇನ್ನೇನನ್ನೋ ಕಾಯುವವರ ಹಾಗೆ ಅವಳ ಕಡೆ ತಿರುಗಿಯೇ ಕುಳಿತಿದ್ದರು, ಹೆಬ್ಬಗೋಡಿ ದಾಟುವವರೆಗೂ.

ಹಾರ ಹಾಕಿದರು, ಫೋಟೋ ತೆಗೆದರು. ಕೊರಳಿನಲ್ಲಿ ಸೇವಂತಿಗೆ, ಮರುಗದ ವಾಸನೆ ದಟ್ಟವಾಗಿ ಏರಿತು. ಎರಡು ಮಾತು ಹೇಳಿ ಮೇಡಂ ಎಂದಾಗ ಹೇಮಲತಾ ಎದ್ದು ನಿಂತು, ತನ್ನ ಅತ್ತೆಯವರಿಗೆ ಈ ಕೆಲಸ ಅರ್ಪಣೆ ಎನ್ನಬೇಕೆಂದು ಮನೆಯಲ್ಲೇ ಬರೆದುಕೊಂಡಿದ್ದ ವಾಕ್ಯದವರೆಗೆ ಬಂದು ನಿಂತುಬಿಟ್ಟಳು. ಹಾಳೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು. ಭಾವುಕರಾದರು ಎಂದು ಯಾರೋ ಮೆಲ್ಲಗೆ ಅಂದರು. ಮರ್ಯಾದೆ ತೆಗೆಯುವುದಕ್ಕೆ ಬೈಗುಳವೇ ಬೇಕೆಂದಿಲ್ಲ, ಇಂಥ ಕನಿಕರವೂ ತೆಗೆಯುತ್ತದೆ. ಚಪ್ಪಾಳೆಯ ನಡುವೆಯೇ ಕೆಳಗಿಳಿದಳು. ಮೊದಲೇ ತಿಳಿದಿದ್ದರೂ ಕಾಯಿಲೆಯನ್ನು ತಡೆಯುವ ಔಷಧಿ ಎಲ್ಲಿತ್ತು ಎಂದು ಮನಸ್ಸು ಒಂದು ಹೊಸ ವಾದ ಹೂಡಿತು. ಇರಲಿಲ್ಲ, ಈಗಲೂ ಇಲ್ಲ, ಅದು ನಿಜ. ಆದರೆ ಒಂದು ಹೆಣ್ಣುಜೀವ ತನ್ನ ಲೋಕದಿಂದ ಮಲ್ಲಿಗೆ ಹೋದದ್ದನ್ನು, ಇಂಗು ಹೋದದ್ದನ್ನು, ಕಡೆಗೆ ಕೈಯೂ ಮಾತು ಕೇಳದಂತೆ ಆಗುತ್ತಿರುವುದನ್ನು ಒಂದೇ ಸೂರಿನಡಿ ಒಬ್ಬಳೇ ನೋಡಿಕೊಂಡು ಕೂತಿತ್ತು. ಅದಕ್ಕೆ ಔಷಧಿ ಬೇಕಿರಲಿಲ್ಲ, ಒಂದು ಪ್ರಶ್ನೆ ಸಾಕಿತ್ತು. ಊಟಕ್ಕೆ ನಿಲ್ಲಿ ಎಂದ ರಾಜೇಂದ್ರರಿಗೆ ಮನೆಯಲ್ಲಿ ಅತ್ತೆಯವರು ಉಂಡಿಲ್ಲ ಎಂದಳು. ಅವರಿಗೆ ಅದು ಸೊಸೆಯ ವಿನಯದಂತೆ ಕೇಳಿರಬೇಕು, ಮೆಚ್ಚಿ ತಲೆಯಾಡಿಸಿದರು.

ಮನೆ ತಲುಪಿದಾಗ ಆ ಕೊಳೆತ ಹಣ್ಣಿನ ಗಾಳಿ ಬೀಸುತ್ತಿತ್ತು, ಸುತ್ತಲಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಪಿಳ್ಳಮ್ಮ ಹೋಗಿಯಾಗಿತ್ತು. ಬಸಮ್ಮ ಬಾಲ್ಕನಿಯ ಕುರ್ಚಿಯಲ್ಲಿದ್ದರು. ಹಣೆಯಲ್ಲಿ ವಿಭೂತಿ ಇರಲಿಲ್ಲ. ವಿಭೂತಿಯಿಲ್ಲದ ಆ ಹಣೆಯನ್ನು ಹೇಮಲತಾ ಹಿಂದೆಂದೂ ನೋಡಿರಲಿಲ್ಲ, ಯಾರದೋ ಹಣೆಯನ್ನು ನೋಡಿದಂತಾಗಿ ಕಣ್ಣು ತಗ್ಗಿಸಿದಳು. ಕೊರಳಲ್ಲಿ ಶಿವದಾರ ಇತ್ತು, ಆದರೆ ಕರಡಿಗೆಯ ಭಾರವಿಲ್ಲದೆ ಸಡಿಲವಾಗಿ ಜೋತಿತ್ತು. ಸೊಸೆ ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದನ್ನು ಕಂಡು ಅವರ ಬಲಗೈ ಅವಸರದಿಂದ ಎಡಗೈಯ ಮೇಲೆ ಸೆರಗು ಎಳೆಯಿತು. ಹೇಮಲತಾ ಚಪ್ಪಲಿ ಬಿಟ್ಟು, ನೆರಿಗೆ ಮುರಿಯುವುದನ್ನು ಲೆಕ್ಕಿಸದೆ ಅವರ ಕಾಲ ಬಳಿ ನೆಲದ ಮೇಲೆ ಕೂತಳು.

“ಅವ್ವಾರ, ಊಟಾ ಮಾಡಿಲ್ಲಲ್ರಿ.”

“ಆ ಪಿಳ್ಳಮ್ಮನ ಬಾಯಾಗ ಮಾತ ನಿಲ್ಲೂದಿಲ್ಲ.”

“ಮೊನ್ನಿ ಬಿದ್ದ ಸಪ್ಪಳ ನಾನೂ ಕೇಳೀನ್ರಿ. ಕೇಳಿನೂ ಹೋದೆ.”

ಬಸಮ್ಮ ಕಾಲುವೆಯ ಕಡೆ ನೋಡುತ್ತಿದ್ದರು. ನೊರೆಯ ಒಂದು ತುಂಡು ಗಾಳಿಗೆ ಎದ್ದು ರಸ್ತೆ ದಾಟಿ ಯಾರದೋ ಸ್ಕೂಟರಿನ ಮೇಲೆ ಕೂತಿತು. ಆಮೇಲೆ ಅವರು ಕೇಳಿದ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಬೆಳಿಗ್ಗೆ ಹಾಲಿನವನು ಬಂದಿದ್ದನೇ ಎಂದು ಕೇಳಿದಷ್ಟು ಸಹಜವಾಗಿತ್ತು.

“ಅವತ್ತ ನಿನ್ನ ಆಫೀಸ್ನ್ಯಾಗ, ನಾ ಬಾಟ್ಲಿ ಅಳ್ಳಾಡಿಸಿ ಹೇಳೂದು ನೀ ನೋಡಿದ್ದಿ, ಹೌದಿಲ್ಲೋ?”

“ಹೌದ್ರಿ.”

“ಕೇಳ್ತಿ ಅಂತ ತಿಳದಿದ್ದೆ,” ಎಂದರು ಬಸಮ್ಮ. “ಅಷ್ಟು ಮಂದ್ಯಾಗ ನಿನ್ನ ಮಾರಿ ಸಣ್ಣದು ಮಾಡಬಾರದಂತ ಅಳ್ಳಾಡಿಸಿದೆ. ಮನೀಗಿ ಬಂದಮ್ಯಾಲರ ಕೇಳ್ತಿ, ಅವ್ವಾರ ಹಿಂಗ್ಯಾಕ ಮಾಡಿದ್ರಿ ಅಂತಿ, ಆವಾಗ ಹೇಳಿದರಾತು ಅಂತ ದಾರಿ ನೋಡಿದೆ. ನೀ ಕೇಳಲಿಲ್ಲ. ಸಣ್ಣದೇನೋ ಇರಬೇಕು ಬಿಡು ಅಂತ ನಾನೂ ಸುಮ್ಮಾದೆ.”

ತಪ್ಪಾಯಿತು ಎನ್ನುವ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ಆಡಿದರೆ ಬಸಮ್ಮನೇ ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಉಪವಾಸದ ಮುದುಕಿಗೆ ಆ ಕೆಲಸವನ್ನೂ ಹೊರಿಸಬೇಕೇ ಎಂದು ಹೇಮಲತಾ ಅದನ್ನು ನುಂಗಿದಳು. ಲಿಂಗ ಎಲ್ಲಿ ಎಂದು ಮಾತ್ರ ಕೇಳಿದಳು. ಮಡಿ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಿದ್ದರಂತೆ. ಒಡೆದಿಲ್ಲ, ಮೇಲಿನ ಕಂತಿಯ ಲೇಪ ಒಂದಿಷ್ಟು ಚಕ್ಕೆ ಎದ್ದಿದೆ. ಅದಕ್ಕಲ್ಲ, ಕೈ ಹಿಡಿಯುವುದಿಲ್ಲವೆಂದ ಮೇಲೆ ಮತ್ತೆ ಬೀಳುವುದು ಖಂಡಿತ, ಬೀಳಿಸುವುದಕ್ಕೆಂದೇ ಕೈಗೆ ತೆಗೆದುಕೊಳ್ಳುವುದು ಯಾವ ಪೂಜೆ ಎಂದರು. ಊರಿನ ಮಠದ ಅಜ್ಜಾರನ್ನು ಕೇಳೋಣ ಎಂದಳು ಹೇಮಲತಾ. ಅವರು ಬಂದು ನನ್ನ ಕೈ ಹಿಡಿದಾರೇನು ಎಂದು ಬಸಮ್ಮ ತುಸು ನಕ್ಕರು. ಆಗ ಅವಳು, ನಾನು ಹಿಡಿಯುತ್ತೇನೆ ಎಂದಳು. ಎರಡನೆಯವರ ಕೈ ತಾಗಿದರೆ ಆಗುತ್ತದೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ. ಬಸಮ್ಮ ಸೊಸೆಯ ಮುಖವನ್ನು, ಅಂದು ಮಲ್ಲಿಗೆಯ ಸೀಸೆ ಹಿಡಿದಾಗ ನೋಡಿದ ಹಾಗೆಯೇ ನೋಡಿದರು. ಆಮೇಲೆ ಕುರ್ಚಿಯ ಕೈ ಊರಿ ಎದ್ದು, ನೀರು ಕಾಯಿಸು ಎಂದರು.

ಇಬ್ಬರ ಸ್ನಾನವೂ ಆಗಿ ಕೋಣೆಯಲ್ಲಿ ಚಾಪೆ ಹಾಸಿ ಕೂರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬಸಮ್ಮ ಬಲಗೈಯಿಂದ ವಿಭೂತಿ ಧರಿಸಿದರು. ಹೇಮಲತಾ ಊದಿನಕಡ್ಡಿ ಹಚ್ಚಿದಳು. ಹತ್ತಿದೆಯೇ ಎಂದು ಅವರು ಕೇಳಿದರು, ಹತ್ತಿದೆ ಎಂದಳು. ಎಂಥ ವಾಸನೆ ಎಂದು ಮತ್ತೆ ಕೇಳಿದರು. ಅಷ್ಟೆಲ್ಲ ಓದಿ, ಅಷ್ಟೆಲ್ಲ ಬರೆದು, ಆ ವಾಸನೆಗೆ ಏನು ಹೇಳಬೇಕೆಂದು ಹೇಮಲತಾಳಿಗೆ ತಿಳಿಯಲಿಲ್ಲ. ನೀವು ಉಡುವ ಹಳೇ ಪತ್ತಲದ ವಾಸನೆ ಬರುತ್ತದೆ ಎಂದಳು. ಬಸಮ್ಮನಿಗೆ ಅಷ್ಟು ಸಾಕಾಯಿತು. ಸೆರಗಿನಿಂದ ಎಡಗೈ ಹೊರಗೆ ಬಂತು, ತೆರೆದುಕೊಂಡಿತು, ತೆರೆದ ಕೂಡಲೇ ನಡುಗತೊಡಗಿತು. ಹೇಮಲತಾ ತನ್ನ ಎರಡೂ ಅಂಗೈ ಜೋಡಿಸಿ ಅದರ ಕೆಳಗೆ ಇಟ್ಟಳು. ಬಸಮ್ಮ ಲಿಂಗವನ್ನು ಇಟ್ಟುಕೊಂಡರು. ಅದು ಅಲುಗಿತು, ಆದರೆ ಉರುಳಲಿಲ್ಲ.

ನಡುಕ ಅವಳ ಅಂಗೈಗೆ ಇಳಿಯಿತು, ಮಣಿಕಟ್ಟಿಗೆ ಬಂತು. ಮೊಟ್ಟಮೊದಲ ಸಲ ಅತ್ತೆಯ ಕೈಯನ್ನು ಹೀಗೆ ಹಿಡಿದಿದ್ದೇನೆ, ಇದನ್ನು ಅಂದೇ ಹಿಡಿಯಬಹುದಿತ್ತು ಎಂಬ ದುಃಖ ಎದೆ ತುಂಬಿ ಬಂತು. ಆ ದುಃಖದ ನಡುವೆಯೇ ತನ್ನೊಳಗೆ ಇನ್ನೊಬ್ಬಳು ಕೂತು, ಯಾರೂ ಹೇಳದೆ, ಕ್ಷಣಕ್ಕೆ ಎಷ್ಟು ಸಲ ನಡುಗುತ್ತಿದೆ ಎಂದು ಲೆಕ್ಕ ಶುರುಮಾಡಿದ್ದು ಅವಳಿಗೆ ತಿಳಿಯಲೇ ಇಲ್ಲ. ತುಟಿ ಅಲುಗಿರಬೇಕು. ಬಸಮ್ಮ ಲಿಂಗದ ಮೇಲಿನ ದೃಷ್ಟಿ ಕದಲಿಸದೆ ಹೇಳಿದರು.

“ಎಣಸಬ್ಯಾಡ, ಹೇಮಾ. ಹಿಡಕೊಂಡ ಕೂಡು.”